ಹನ್ನೊಂದರಿಂದ ಹನ್ನೊಂದೂಕಾಲು

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯ ಹಿಂಬದಿ,
ಸಿಪ್ಪೆಯ ಹೊಗೆ ಗಾಜಿಗಂಟಿದ ಒಂದು ಕೋಣೆ.
ಅಲ್ಲೊಂದು ತಕ್ಕಡಿ. ಐದು ಗ್ರಾಂ ಪುಡಿ ಕಾಯಿಸಿ
ಒಳಗೆ ನೀರೆಷ್ಟಿತ್ತೆಂದು ಹೇಳುತ್ತದೆ.
ನೂರಕ್ಕೆ ಐದು ದಾಟಿದರೆ ಹಡಗಿನಲ್ಲೇ ಬೂಷ್ಟು.
ಅದರ ಬೆನ್ನಿಗೆ ಒಂಬತ್ತು ತೂತು,
ಕೊಂಡಂದಿನಿಂದ ಯಾರೂ ಮುಟ್ಟದ್ದು,
ಧೂಳಿನ ಒಂಬತ್ತು ಬತ್ತಿ.

ಕಂಪ್ಯೂಟರಿಗೆ ತಂತಿ ಎಳೆಯಲು ನನ್ನನ್ನು ಕರೆಸಿದರು.
ಯಾಕೆಂದು ಧಣಿಗಳು ಮೆಲ್ಲಗೆ ಹೇಳಿದರು:
ರಾಟರ್‌ಡ್ಯಾಮಿನಿಂದ ಒಂದು ಕಂಟೇನರ್ ಮರಳಿತ್ತು,
ಕೈಬರಹದ ಪುಸ್ತಕವನ್ನು ಅಲ್ಲಿ ಯಾರೂ ನಂಬುವುದಿಲ್ಲವಂತೆ.
ಪುಸ್ತಕ ಬರೆದ ಸೆವ್ರಿನ್‌ಬಾಯಿ
ಅಲ್ಲೇ ಸ್ಟೂಲಿನಲ್ಲಿ ಕೂತು
ಕೇಳಿಸದವರಂತೆ ಚಿಮುಟ ಒರೆಸುತ್ತಿದ್ದರು.

ಮೊದಲ ದಿನ ಪರದೆ ತುಂಬ ಖಾಲಿ.
ಇದರ ಬಾಯಿಗೆ ಅದರ ಬಾಯಿ ಕಟ್ಟಿದ್ದೆ,
ಕಿವಿಗೆ ಕಿವಿ.
ಎರಡನೆಯದನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ
ಅಡ್ಡ ಹಾಯಿಸಿ ಬೆಸುಗೆಯಿಟ್ಟೆ.
ಆಮೇಲೆ ಮಾತು ಬಂತು, ಅರ್ಥ ಬರಲಿಲ್ಲ:
ಚೌಕ, ತಲೆಕೆಳಗಾದ ಪ್ರಶ್ನೆ, ಮತ್ತೆ ಚೌಕ.
ಇದು ಒಂಬತ್ತು ಸಾವಿರದ ಆರುನೂರರಲ್ಲಿ ಕೇಳುತ್ತಿತ್ತು,
ಅದು ಎರಡು ಸಾವಿರದ ನಾನೂರರಲ್ಲಿ ಹೇಳುತ್ತಿತ್ತು.
ದಕ್ಕೆಯಲ್ಲಿ ಮೀನು ಕೊಳ್ಳುವಾಗ
ಅವಳದು ತುಳು, ನನ್ನದು ಬ್ಯಾರಿ,
ದರ ಮಾತ್ರ ಇಬ್ಬರದೂ ಕನ್ನಡದಲ್ಲಿ.
ಯಂತ್ರಗಳು ಹಾಗೆ ಹೊಂದಿಕೊಳ್ಳುವುದಿಲ್ಲ,
ಯಾರಾದರೂ ಕೈ ಹಾಕಿ ಇಳಿಸಬೇಕು.

ಇಳಿಸಿದೆ.
೪.೯೮೨
೪.೯೭೭
೪.೯೬೯
ಸೆಕೆಂಡಿಗೊಮ್ಮೆ ಬೀಜ ಹಗುರಾಗುವುದು.
ಪುಸ್ತಕದಲ್ಲಿ ಮೊದಲಿನದೊಂದು, ಕೊನೆಯದೊಂದು, ಎರಡೇ ಅಂಕಿ.
ನಡುವಿನ ಎಂಟು ನಿಮಿಷ
ಅವರು ನೋಡುತ್ತ ಕೂತಿದ್ದರು, ಅಷ್ಟೇ.

ಮೂರನೆಯ ದಿನ ಹನ್ನೊಂದು ದಾಟಿ ಅಂಕಿಗಳು ನಡುಗಿದವು,
ಮೇಲೆ, ಕೆಳಗೆ, ಗಾಳದ ಬೆಂಡಿನಂತೆ.
ಅರ್ಥಿಂಗ್ ನೋಡಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ.
ಕವಚದ ತಂತಿ ಹುಡುಕಿ ಹಂಪನಕಟ್ಟೆಗೆ ಹೋದೆ,
ಅರ್ಧ ದಿನ ಬಸ್ಸಿನಲ್ಲೇ ಕಳೆಯಿತು.
ಮರುದಿನ ಅದೇ ಹೊತ್ತು, ಅದೇ ನಡುಕ.
ಸೆವ್ರಿನ್‌ಬಾಯಿ ತಲೆಯೆತ್ತದೆ ಹೇಳಿದರು:
"ಗೋಡೆಯಾಚೆ ಲಾರಿ ರಿವರ್ಸ್ ಬರ್ತದಲ್ಲ ಮಾರಾಯ.
ಲೋಡಿಂಗ್."

ಪುಸ್ತಕಗಳನ್ನು ಬಿಡಿಸಿದೆ. ಇಪ್ಪತ್ತೆರಡು ವರ್ಷ.
ಹತ್ತು ಐವತ್ತು, ಹನ್ನೊಂದು ಇಪ್ಪತ್ತು.
ಹತ್ತು ನಲವತ್ತೆಂಟು, ಹನ್ನೊಂದು ಹದಿನೇಳು.
ನಡುವೆ ಒಂದೇ ಒಂದು ತೂಕವಿಲ್ಲ,
ಯಾಕಿಲ್ಲವೆಂದು ಎಲ್ಲೂ ಬರೆದಿಲ್ಲ.

ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ:
ಈ ಹದಿನೈದು ನಿಮಿಷ ಕೇಳಬೇಡ.
ಪಕ್ಕದಲ್ಲಿ ಕಾರಣ ಬರೆಯುವುದು ರೂಢಿ.
'ಲಾರಿ' ಎಂದು ಬರೆದೆ. ಅಳಿಸಿದೆ.
'ಸೆವ್ರಿನ್ ಲಸ್ರಾದೊ ಹೇಳಿದ್ದಾರೆ' ಎಂದು ಬರೆದೆ.
ಧಣಿಗಳು ಅಲ್ಲಿವರೆಗೆ ಬಗ್ಗಿ ನೋಡುವವರಲ್ಲ.
ಅವರೂ ನೋಡಲಿಲ್ಲ. ಕೇಳಿದ್ದು ಬೇರೆ:
"ಅಶ್ಫಾಕ್, ಆ ಕೆಂಪು ತಂತಿ ಒಂದು ಗೇಣು ಮಿಕ್ಕಿದ್ರೆ ಕೊಡು,
ನನ್ನ ಬುತ್ತಿಯ ಕೊಂಡಿ ಹೋಗಿದೆ."