ಹದಿನಾಲ್ಕನೆಯ ದಿನದ ಎಣಿಕೆ

ರಾಣೆಬೆನ್ನೂರು, ಬೀಜ ಪರೀಕ್ಷೆಯ ಕೋಣೆ.
ಒದ್ದೆ ಕಾಗದದ ಮೇಲೆ ನೂರು ಮೆಣಸಿನ ಬೀಜ,
ಹತ್ತರ ಹತ್ತು ಸಾಲು.
ಇಂಥವೇ ನಾಲ್ಕು ಹಾಳೆ.
ಚಿಮಟಿಗೆಯಿಂದ ಒಂದೊಂದನ್ನೇ ಇಡುವಾಗ
ಉಸಿರು ಬಿಗಿ ಹಿಡಿಯಬೇಕು;
ಸೀನಿದರೆ ಇಡೀ ಬೆಳಗು ದಂಡ.

ಇವು ಮುಂಡಗೋಡದ ಕ್ಯಾಂಪಿನವು.
ತಂದವನು ಜಂಪಾ, ಅಲ್ಲಿಯ ಮಠದ ಅಡಿಗೆಮನೆಯ ಹೊಣೆ ಹೊತ್ತವನು.
ಕೆಂಪು ಉಡುಪಿನ ಮೇಲೆ ಹಾನಗಲ್ಲ ಬಸ್ಸಿನ ಧೂಳು,
ನಾಲಗೆಯ ಮೇಲೆ ನನಗಿಂತ ಗಟ್ಟಿ ನಮ್ಮ ಕಡೆಯ ಮಾತು:
"ಅಕ್ಕಾರ, ಇವು ಹುಟ್ಟತಾವೋ ಇಲ್ಲೋ, ಖರೇ ಹೇಳ್ರಿ."

"ನೂರಕ್ಕ ಇಷ್ಟು ಅಂತ ಹೇಳಬಲ್ಲೆ.
ಇದು ಹುಟ್ಟತದ, ಇದು ಹುಟ್ಟೂದಿಲ್ಲ ಅಂತ ಅಲ್ಲ."

ಆತ ಪೊಟ್ಟಣದಿಂದ ಒಂದೇ ಬೀಜ ಅಂಗೈಗೆ ಉದುರಿಸಿಕೊಂಡ.
"ಹಂಗಾರ ಆ ನೂರಕ್ಕ ಇಷ್ಟು ಅನ್ನೂದು ಇದರೊಳಗ ಎಲ್ಲೈತ್ರಿ?
ಸಿಪ್ಪಿಯೊಳಗೋ, ತಿರುಳಿನಾಗೋ?
ನಿಮ್ಮ ನೀರಿನಾಗೋ, ನಿಮ್ಮ ಬುಕ್ಕಿನಾಗೋ?"
ನಾನು ನಕ್ಕೆ.
ನದಾಫ್ ಸರ್ ನಗಲಿಲ್ಲ, ಕನ್ನಡಕ ತೆಗೆದು ಒರೆಸಿದರು.
ಮೂವತ್ತೊಂದು ವರ್ಷ ಶೇಕಡಾ ಬರೆದ ಕೈ;
ಅದರ ಮನೆ ಯಾವುದೆಂದು
ಈವರೆಗೆ ಯಾರೂ ವಿಚಾರಿಸಿರಲಿಲ್ಲ.

ಚಹಾ ಊದಿಕೊಳ್ಳುತ್ತ ಆತ ಅಂದ:
ಮೊಳಕೆ ಬೀಜದೊಳಗೆ ಮೊದಲೇ ಅಡಗಿ ಕೂತದ್ದಲ್ಲ,
ಹೊರಗಿನಿಂದ ಬಂದು ಹೊಕ್ಕದ್ದೂ ಅಲ್ಲ.
ಹಸಿ ಬೇಕು, ಬಿಸಿ ಬೇಕು, ಗಾಳಿ, ಹೊತ್ತು,
ಇವೆಲ್ಲ ಕೂಡಿದರೆ ಹಸಿರು ಎಂಬ ಒಂದು ನೆಪ.
ಕೂಡದಿದ್ದರೆ, ಯಾರ ತಪ್ಪೂ ಅಲ್ಲ.
"ಕರೆಂಟೂ ಸೇರಸ್ರಿ," ಅಂದೆ,
"ನಿನ್ನೆ ಮೂರು ತಾಸು ಇರಲಿಲ್ಲ."
"ಹೌದಲ್ಲ," ಅಂದ, ಗಂಭೀರವಾಗಿ, "ಕರೆಂಟೂ."

ಹದಿನಾಲ್ಕನೆಯ ದಿನ ಎಣಿಸಿದೆವು.
ನೂರಕ್ಕೆ ಎಪ್ಪತ್ತೆರಡು.
ಫೋನಿನಲ್ಲಿ ತಿಳಿಸಿದರೆ ಕೇಳಿದ್ದು ಒಂದೇ:
"ಉಳಿದ ಇಪ್ಪತ್ತೆಂಟರ ಸುದ್ದಿ ಏನ್ರಿ?"
'ಸತ್ತವು' ಎಂಬ ಕಲಮಿನಲ್ಲಿ ಬರೆದಿದ್ದೆ.
ಅದನ್ನು ಹೇಳಲು ಯಾಕೋ ಬಾಯಿ ಬರಲಿಲ್ಲ.
ಹಾಳೆ ಮಡಚಿ ಹಿತ್ತಲ ನಳದ ಹತ್ತಿರ ಝಾಡಿಸಿದೆ.

ನನ್ನದೂ ಒಂದು ಎಣಿಕೆ ನಡೆದಿತ್ತು ಆಗ.
ಹನ್ನೊಂದು ತಿಂಗಳ ಗುತ್ತಿಗೆ, ತಿಂಗಳ ಕೊನೆಗೆ ಮುಕ್ತಾಯ.
ಹನ್ನೆರಡು ಮಂದಿಯಲ್ಲಿ ಎಂಟು ಮಂದಿಯನ್ನು ಮತ್ತೆ ಕರೆಯುತ್ತಾರಂತೆ.
ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯೋಚಿಸಿದೆ,
ಆ ಎಂಟು ನನ್ನೊಳಗೆ ಎಲ್ಲಿದೆ?
ಎರಡು ಪಾಲು ಇದ್ದೇನೆ, ಒಂದು ಪಾಲು ಇಲ್ಲ
ಎಂದು ಯಾವ ಕನ್ನಡಿಯೂ ತೋರಿಸುವುದಿಲ್ಲ.
ಹಸಿವೆ ಮಾತ್ರ ಪೂರ್ತಿ ಇತ್ತು.
ಒಂದು ಪ್ಲೇಟು ಗಿರಮಿಟ್ಟು ತಿಂದೆ.

ಹತ್ತೊಂಬತ್ತನೆಯ ದಿನ ಕೈ ತೊಳೆಯಲು ಹೋದರೆ
ನಳದ ಕಟ್ಟೆಯ ಬಿರುಕಿನಲ್ಲಿ
ಎರಡು ಎಲೆ.
ತಲೆಯ ಮೇಲೆ ಇನ್ನೂ ಸಿಪ್ಪೆಯ ಟೊಪ್ಪಿಗೆ.
ಯಾವ ಹಾಳೆಯದೋ, ಎಷ್ಟನೆಯ ಸಾಲಿನದೋ,
ನನ್ನ ಕೈಯಾರೆ ಸತ್ತವುಗಳಲ್ಲಿ ಸೇರಿಸಿದ್ದು.

ನದಾಫ್ ಸರ್ ಮೊಣಕಾಲು ಹಿಡಿದುಕೊಂಡು ಬಗ್ಗಿದರು,
ಬಹಳ ಹೊತ್ತು ನೋಡಿದರು.
"ನಮ್ಮ ರಿಪೋರ್ಟು ತಪ್ಪಲ್ಲವಾ."
"ಅಲ್ರಿ ಸರ್."
"ಇದೂ ತಪ್ಪಲ್ಲ."
"ಅಲ್ರಿ."
"ಲೆಕ್ಕ ರಾಶೀದು," ಅಂದರು, ಏಳುತ್ತ, ತಮಗೇ ಅಂದುಕೊಂಡಂತೆ,
"ಕಾಳಿಗೆ ಅದರ ಗೊಡವಿ ಇಲ್ಲ."
ರಿಜಿಸ್ಟರು ತೆಗೆಯಲಿಲ್ಲ. ತಿದ್ದಲಿಲ್ಲ.
ಕೋಳಿ ಕೆದರದಂತೆ ಒಂದು ಒಡಕು ಹಂಚು ಮರೆ ಇಟ್ಟರು,
ಆಮೇಲೆ ಬಿಸಿಲು ಬೀಳಲೆಂದು
ಎರಡು ಬೆರಳಷ್ಟು ಸರಿಸಿದರು.

ಜಂಪಾನಿಗೆ ಫೋನು ಹಚ್ಚಿದೆ.
ರಿಂಗಾಯಿತು, ಎತ್ತಲಿಲ್ಲ.
ಪೂಜೆಯಲ್ಲಿದ್ದನೋ, ಒಲೆಯ ಮುಂದೋ, ಬಸ್ಸಿನಲ್ಲೋ,
ಎಲ್ಲೋ ಇದ್ದ.

ಒಳಗೆ ಮೋಟೆಬೆನ್ನೂರಿನ ಬೆಂಡೆ ಬೀಜ ಬಂದು ಕೂತಿತ್ತು.
ತಿಂಗಳಿಗೆ ಇನ್ನೂ ಆರು ದಿನ.
ಚಿಮಟಿಗೆ ತೊಳೆದು, ಕಾಗದ ತೋಯಿಸಿ
ಉಸಿರು ಹಿಡಿದೆ.
ಒಂದು.