ವಲ್ಲಿಯ ಕೆಳಗೆ

ಮಸ್ಜಿದ್ ಬಂದರಿನಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ.
ಹೆಗಲ ವಲ್ಲಿ ಹೊದಿಸಿ, ಅದರಡಿ ಕೈಗೆ ಕೈ.
ಒಂದು ಬೆರಳು ಹಿಡಿದರೆ ಒಂದು,
ಪೂರಾ ಅಂಗೈ ಹಿಡಿದರೆ ಐದು,
ನೂರೋ ಸಾವಿರವೋ, ಅದು ಕಣ್ಣಲ್ಲಿ.

ಗುರುಶಾಂತಪ್ಪ ಮುಳಗುಂದ, ನನ್ನ ಸಾವಕಾರ,
ಕಣ್ಣು ಮುಚ್ಚಿ ಬೆರಳು ಸವರಿ ಹೇಳುತ್ತಿದ್ದ:
ಇವನಿಗೆ ಸಾಲವಿದೆ, ಇವನ ಮಗಳ ಮದುವೆ ಹತ್ತಿರ,
ಇವ ಇನ್ನೂ ಇಳಿಯುತ್ತಾನೆ.
"ಬ್ಯಾಡಗಿ ಕಾಯಿಗೆ ಈ ಮುಂಬೈದಾಗ ನಾ ಹೇಳಿದ್ದೇ ದರ."
ಹದಿನೇಳು ವರ್ಷ ಅದು ಸುಳ್ಳಾಗಲಿಲ್ಲ.
ಎದುರು ಪೇಢಿಯ ಖೀಮ್ಜಿ ದೇಢಿಯಾ ಕೈ ಮುಗಿದರೆ
ಸಾವಕಾರ ತಕ್ಕಡಿಯ ಮುಳ್ಳು ನೋಡುತ್ತಿದ್ದ.

ಊರಿನ ಟ್ರಂಕ್ ಕಾಲ್ ಕೂಡಿಸುವವಳು ಸುಲಭಾ ಪರುಳೇಕರ್.
ಮೊದಲು ಬರೀ ದನಿ: "ಬೋಲಾ, ಶೇಟ್."
ಆಮೇಲೆ ಚರ್ನಿ ರೋಡಿನ ಸಂಜೆಗಳು.
ಆಮೇಲೆ ಝವೇರಿ ಬಜಾರಿನ ಉಂಗುರ:
ಹವಳ, ಮೆಣಸಿನಕಾಯಿಯ ಹಾಗೆ ತುದಿ ಡೊಂಕು.
ಖರ್ಚನ್ನು ನಾನು 'ಗೋಣಿಚೀಲ' ಎಂದು ಬರೆದೆ.
ಊರ ಹೆಂಡತಿಗೆ ತಿಂಗಳ ಮನಿಯಾರ್ಡರ್ ಬೇರೆ ಪುಟದಲ್ಲಿತ್ತು.
ಒಮ್ಮೆ ಸುಲಭಾ ಕೇಳಿದಳಂತೆ, ನನ್ನನ್ನು ಏನೆಂದು ಕರೆಯಬೇಕು ಜನ?
ಸಾವಕಾರ ನಕ್ಕನಂತೆ,
ದರ ಗೊತ್ತಿದ್ದವನ ನಗು.

ಆ ಯುಗಾದಿಯಿಂದ ಬ್ಯಾಡಗಿಯ ದರ
ಅರ್ಧ ತಾಸು ಮೊದಲೇ ಎದುರಿನವರಿಗೆ ತಿಳಿಯತೊಡಗಿತು.
"ಲೈನು ಕೆಟ್ಟದ," ಅಂದ ಸಾವಕಾರ.

ಮೇ ಕೊನೆ. ಖೀಮ್ಜಿಯದು ಒಂಬೈನೂರು ಚೀಲ, ಹಳೆ ಮಾಲು.
ನಡೆಯುತ್ತಿದ್ದ ದರ ಮೂರು. ಇವನಿಗೆ ಎರಡಕ್ಕೆ ಬೇಕು.
ವಲ್ಲಿ ಹೊದಿಸಿದರು. ಹಮಾಲರು ಬೀಡಿ ಆರಿಸಿ ನಿಂತರು.
ಕಣ್ಣು ಮುಚ್ಚಿದ್ದ ಸಾವಕಾರ
ಎಂದೂ ಇಲ್ಲದ್ದು, ಕಣ್ಣು ತೆರೆದ.
ಖೀಮ್ಜಿಯ ಕಿರುಬೆರಳಲ್ಲಿ
ಡೊಂಕು ತುದಿಯ ಒಂದು ಕಲ್ಲು.

ನುಚ್ಚುನೂರು ಮಾಡುವಂತೆ ಹಿಡಿದ,
ಬೆರಳಲ್ಲ, ಅಂಗೈ, ಇಡೀ ಅಂಗೈ.
ಐದು.
"ಪಕ್ಕಾ?" ಅಂದ ಖೀಮ್ಜಿ, ಮೆಲ್ಲಗೆ.

ತಪ್ಪಾತು ಅಂದಿದ್ದರೆ ಬಜಾರು ನಕ್ಕು ಮರೆಯುತ್ತಿತ್ತು.
ಸಾವಕಾರ ವಲ್ಲಿ ಝಾಡಿಸಿ ಹೆಗಲಿಗೆ ಹಾಕಿದ.
"ಬರಕೋ," ಅಂದ ನನಗೆ.

ಬರೆದೆ. ದಾರೂಖಾನಾದ ಗೋದಾಮಿಗೆ ಜೂನಿನಲ್ಲಿ ನೀರು ಬಂತು,
ಕಾಯಿ ಬೂಸಲು ಹಿಡಿದು ಬೂದಿಯಾಯಿತು. ಅದನ್ನೂ ಬರೆದೆ.
ಸುಲಭಾ ಆ ಉಂಗುರ ಕೊಟ್ಟಳೋ, ಮಾರಿದಳೋ,
ಯಾರ ವಹಿಯಲ್ಲೂ ಇಲ್ಲ. ನಾನು ಎರಡೂ ವಹಿ ನೋಡಿದ್ದೇನೆ.

ಮೊನ್ನೆ ಸ್ಯಾಂಡ್‌ಹರ್ಸ್ಟ್ ರೋಡಿನ ಚಹದಂಗಡಿಯಲ್ಲಿ ಸಿಕ್ಕ.
ಹರಿದ ವಲ್ಲಿ ತೊಡೆಯ ಮೇಲೆ, ಅದರಡಿ ಅವನವೇ ಎರಡು ಕೈ.
ಏನೂ ತೋಚದೆ ನಾನೂ ಕೈ ತೂರಿಸಿದೆ.
ಕಣ್ಣು ಮುಚ್ಚಿ, ನನ್ನ ಬೆರಳು ಒಂದೊಂದೇ ಸವರಿ,
ಹೇಳಿದ:
"ಪಗಾರ ಹೆಚ್ಚ ಮಾಡ್ಯಾನ ಖೀಮ್ಜಿ."