ಎರಡು ಅಂಕದ ಪ್ರಶ್ನೆ

ಟೈಮ್‌ಟೇಬಲ್ಲಿನಲ್ಲಿ ಬೇರೆ ಬೇರೆ ಮನೆ:
ಸೋಮವಾರ ಕಲೆಯ ಇತಿಹಾಸ,
ಗುರುವಾರ ಪ್ರಾಯೋಗಿಕ.
ನಡುವೆ ಎರಡು ದಿನ ಮರೆಯುವುದಕ್ಕೆ.

ಆ ಸೋಮವಾರ ಕರೆಂಟು ಹೋಯಿತು.
ಗೋಡೆಯ ಮೇಲಿದ್ದ ಸಂಗನಕಲ್ಲಿನ ಗೂಳಿ
ಬಾಲ ಬರುವ ಮುಂಚೆಯೇ ಆರಿತು.
ನನ್ನ ಬಾಯಲ್ಲಿ ‘ನವಶಿಲಾಯುಗ’,
ಒಣಗಿದ ಬ್ರಷ್ಷಿನಂಥ ಪದ.

ಕಿಟಕಿ ತೆಗೆಸಿದೆ. ಹಿತ್ತಲಲ್ಲಿ
ಕಾಂಪೌಂಡಿಗೆಂದು ತಂದು ಮರೆತ ಕರಿಗಲ್ಲಿನ ರಾಶಿ.
“ಎರಡೆರಡು ಕಲ್ಲು ತರ್ರಿ,
ಒಂದು ಬಡಿಯಾಕ, ಒಂದು ಬಡಿಸಿಕೊಳ್ಳಾಕ.”

ಗೂಳಿ ಎಂದು ಹೊರಟವರು
ಹತ್ತು ನಿಮಿಷಕ್ಕೆ ಆಡಿಗಿಳಿದರು, ಆಮೇಲೆ ಇಲಿ.
ಮೌಲಾಲಿಯ ಹೆಬ್ಬೆರಳು ಜಜ್ಜಿತು.
ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು
ಬಾಗಿಲಲ್ಲಿ ನಿಂತು ನೋಡಿ ಹೋದರು;
ಅನ್ನದೆ ಉಳಿದದ್ದೆಲ್ಲ ಮುಖದಲ್ಲಿತ್ತು.

ಎರ್ರೆಮ್ಮ ಮಾತ್ರ ತಲೆ ಎತ್ತಲಿಲ್ಲ.
ಅಪ್ಪ ಕ್ರಷರಿನವನು,
ಕಲ್ಲು ಯಾವ ಕಡೆ ಮುನಿಯುತ್ತದೆಂದು ಗೊತ್ತು ಅವಳಿಗೆ.
ಬೆಲ್ಲು ಹೊಡೆದಾಗ
ಬೂದಿಬಣ್ಣದ ಚುಕ್ಕೆಗೆ ಚುಕ್ಕೆ ಸೇರಿ
ಒಂದೇ ಒಂದು ಕೊಂಬು.

ಮಾರ್ಚಿನ ಪೇಪರಿನಲ್ಲಿ ನಾನೇ ಕೇಳಿದ್ದೆ:
ಈ ಗೂಳಿಯ ಕಾಲ ಯಾವುದು?
ಎಲ್ಲರೂ ಬರೆದರು, ಪುಸ್ತಕದಲ್ಲಿದ್ದ ಸಾವಿರಗಳನ್ನು.
ಎರ್ರೆಮ್ಮ ಬರೆದದ್ದು:
“ಒಂದು ಕೊಂಬಿಗೆ ನಲವತ್ತು ನಿಮಿಷ.
ಮೈಗೆ ಎಷ್ಟಾಯಿತೋ ತಿಳಿಯದು.
ನಡುವೆ ಊಟಕ್ಕೆ ಎದ್ದಿರಬಹುದು.”

ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಗುಡ್ಡದ ಕಡೆ
ಕ್ವಾರಿಯ ಎರಡು ಗಂಟೆಯ ಮದ್ದು ಸಿಡಿದು
ಕಿಟಕಿಯ ಗಾಜು ನಡುಗಿ ನಿಂತಿತು.

ಎಷ್ಟು ಸೆಕೆಂಡು?